ನೂರ ಹನ್ನೊಂದಾದ ಮೇಲೆ

ಲೈಬ್ರರಿಯ ಜಲಜಾಕ್ಷಿ ಮೇಡಂ ಕಳಿಸಿದ ಗೋಣಿಚೀಲದಲ್ಲಿ
ನಲವತ್ತೊಂದು ಪುಸ್ತಕ, ಜೊತೆಗೊಂದು ಚೀಟಿ:
'ಫಯಾಜಣ್ಣ, ರಟ್ಟು ಹಾಕಿ, ಅಂಚು ಕತ್ತರಿಸಿ.
ಮಕ್ಕಳು ಗೀಚಿದ್ದೆಲ್ಲ ಹೋಗಬೇಕು.'

ಅಂಚು ಕತ್ತರಿಸುವುದು ನನ್ನ ಕಸುಬು.
ಆದರೆ ಈ ಒಂದರ ಅಂಚಿನಲ್ಲಿ
ಕಥೆಯೊಳಗಿಗಿಂತ ಹೆಚ್ಚು ಜನ ಇದ್ದರು.

ಕಥೆ ಇಷ್ಟೆ: ಕಣ್ಣು ಹೋದ ಜಟಕಾ ಕುದುರೆ,
ಅದರ ಕಿವಿಯಲ್ಲಿ ಕೂತು ದಾರಿ ಹೇಳುವ ಇಲಿ.
ಎಡಕ್ಕೆ ಗುಂಡಿ. ಬಲಕ್ಕೆ ಹುಲ್ಲಿನ ಗಾಡಿ,
ನಿಲ್ಲು, ಎರಡು ಬಾಯಿ ಕದಿ.
ನಾನು ಹುಟ್ಟುವ ಮೊದಲೇ ಅಚ್ಚಾದದ್ದು. ಬೆಲೆ ಒಂದೂಕಾಲು ರೂಪಾಯಿ.

ಪುಟ ಒಂಬತ್ತು, ನೀಲಿ ಶಾಯಿ, ದುಂಡಕ್ಷರ:
'ಇಲಿ ಸ್ನೇಹಿತ ಆಗಲ್ಲ. ನಮ್ಮ ಮಂಡೀಲಿ ವರ್ಷಕ್ಕೆ
ಎರಡು ಚೀಲ ಕೊಬ್ಬರಿ ತಿನ್ನುತ್ತೆ. ರೇವಣಸಿದ್ದ, ಏಳನೇ ಬಿ.'
ಅದರ ಕೆಳಗೆ ಪೆನ್ಸಿಲ್ಲು, ಸಿಟ್ಟಿಗೆ ಮುರಿದ ಮೊನೆ:
'ನಿಮ್ಮಪ್ಪ ತೂಕದಲ್ಲಿ ತಿನ್ನಲ್ವಾ?'
ಹೆಸರಿಲ್ಲ. ಅರಸೀಕೆರೆಯಲ್ಲಿ ಇದಕ್ಕೆ ಹೆಸರು ಹಾಕುವ
ದಡ್ಡರು ಯಾರು?

ಪುಟ ನಲವತ್ತು: 'ಕುದುರೆ ಮಾತಾಡೋದು ಸುಳ್ಳು.
ಆದರೂ ನಿಲ್ಲಿಸಬೇಡಿ.'
ಎಂಬತ್ತಾರರಲ್ಲಿ ರೈಲ್ವೆ ಕ್ವಾರ್ಟರ್ಸಿನ ಯಾರೋ ದೊಡ್ಡವರು:
'ಮಗನಿಗೆಂದು ಒಯ್ದೆ. ರಾತ್ರಿ ಪಾಳಿಯಲ್ಲಿ ನಾನೇ ಮುಗಿಸಿದೆ.
ಗೂಡ್ಸ್ ಹನ್ನೊಂದು ನಿಮಿಷ ತಡ.'

ನೂರ ಹನ್ನೊಂದಾದ ಮೇಲೆ ನೂರ ಹದಿನಾಲ್ಕು.
ಹಾಳೆ ಹರಿದಿಲ್ಲ. ಬೆರಳಿಗೆ ದಪ್ಪ ಸಿಕ್ಕಿತು.
ಅಂಟಿನ ವಿಷಯದಲ್ಲಿ ನನಗೆ ಯಾರೂ ಸುಳ್ಳು ಹೇಳಲಾರರು:
ಇದು ಮೈದಾ ಅಲ್ಲ, ಗೋಂದಲ್ಲ,
ಊಟದ ತಟ್ಟೆಯಿಂದ ಎತ್ತಿದ ಅನ್ನ.
ಒಂದು ಅಗುಳು ಇನ್ನೂ ಅಗುಳಾಗಿಯೇ ಒಣಗಿದೆ.
ಯಾರೋ ಎದುರುಬದುರು ಪುಟಗಳಿಗೆ ಮೆತ್ತಿ,
ಹೆಬ್ಬೆರಳಲ್ಲಿ ತಿಕ್ಕಿ, ಬಹುಶಃ ಮೇಲೆ ಕೂತು,
ಆದದ್ದನ್ನು ಆಗದ ಹಾಗೆ ಮಾಡಿದ್ದಾರೆ.

ಅಲ್ಲಿಂದಾಚೆ ಓದಿದವರದು ಎರಡು ಪಂಗಡ.
ಅಂಟುವ ಮೊದಲಿನವರು, ಕೊನೆಯ ಖಾಲಿ ಹಾಳೆಯಲ್ಲಿ:
'ಬಹಳ ಅತ್ತೆ.' 'ನಾನೂ.' 'ನಾನು ಅಳಲಿಲ್ಲ, ನೆಗಡಿ.'
ಆಮೇಲಿನವರು:
'ಚೆನ್ನಾಗಿದೆ. ಆದರೆ ಇಲಿ ಎಲ್ಲಿ ಹೋಯ್ತು?'
'ಬೇರೆ ಊರಿಗೆ ಹೋಗಿರಬೇಕು. ಇಲಿಗಳು ಹೋಗ್ತವೆ.'
'ಕೊನೇಲಿ ಕುದುರೆ ಯಾಕೆ ಕಿವಿ ಅಲ್ಲಾಡಿಸದೆ ನಿಂತಿದೆ? ತಬಸ್ಸುಮ್, ಐದನೇ ಕ್ಲಾಸು.'
ಅದಕ್ಕೆ ಇನ್ನೊಂದು ಕೈ:
'ಒಳಗೆ ಇಲಿ ಮಲಗಿದೆ, ಅದಕ್ಕೆ.'

ಪಕ್ಕದ ಅಂಗಡಿಯಿಂದ ಚಹಾದ ಪಾತ್ರೆ ತರಿಸಿ ಹಬೆ ಹಿಡಿದೆ.
ಅಂಟಿದ್ದನ್ನು ಬಿಡಿಸದೆ ಹೊಲಿಯಲಾಗದು.
ಮೂಲೆ ಬಿಟ್ಟುಕೊಳ್ಳುವಾಗ ಗಮನಿಸಿದೆ,
ಕೆಳಗೆ ಅರ್ಧಚಂದ್ರದಷ್ಟು ಇಲ್ಲ, ಸಣ್ಣ ಹಲ್ಲಿನ ಗುರುತು.
ಅನ್ನದ ವಾಸನೆಗೆ ಬಂದ ಯಾವುದೋ ಇಲಿ,
ಬೇರೆ ಪುಟ ಯಾವುದನ್ನೂ ಮುಟ್ಟದೆ,
ತನ್ನವನು ಸಾಯುವ ಎರಡು ಸಾಲನ್ನು
ತಿಂದುಕೊಂಡು ಹೋಗಿದೆ.
ಸರಿ, ಅದರ ಅಭಿಪ್ರಾಯವೂ ಬಂತು.

ಉಳಿದದ್ದನ್ನು ಓದಿದೆ. ಹೇಳುವುದಿಲ್ಲ.
ನೂರ ಹದಿಮೂರರ ಅಂಚಿನಲ್ಲಿ, ಅನ್ನದ ಕಲೆಯಡಿ ಪೆನ್ಸಿಲ್ಲು:
'ನಾಳೆ ತಂಗಿ ಓದ್ತಾಳೆ.'

ಯಾವ ತಂಗಿಯೋ. ವಾಯಿದೆ ಚೀಟಿಯ ಕೊನೆಯ ಮೊಹರು ತೊಂಬತ್ತಾರರ ಆಗಸ್ಟ್.
ಅವಳಿಗೆ ಇಷ್ಟರಲ್ಲಿ
ಬೇರೆ ಕಡೆಯಿಂದ ಗೊತ್ತಾಗಿರುತ್ತದೆ.

ಹುಬ್ಬಳ್ಳಿ ಕಡೆಯ ರೈಲು ಹೊರಟಿತು, ಅಂಗಡಿಯ ಪ್ರೆಸ್ಸು ನಡುಗಿತು.
ಮೈದಾ ಕುದಿಸಿದೆ. ಹುಳ, ಇಲಿ ಬರದಿರಲೆಂದು
ಮೈಲುತುತ್ತ ಬೆರೆಸುವುದು ನಮ್ಮಲ್ಲಿ ಅಬ್ಬಾಜಾನ್ ಕಾಲದ ಲೆಕ್ಕ.
ರಟ್ಟಿಗೆ ಬೆರೆಸಿದೆ.
ಆ ಎರಡು ಪುಟಕ್ಕೆ ಬೆರೆಸಲಿಲ್ಲ.
ಮೇಲ್ಮೂಲೆಗೆ ಮಾತ್ರ ಒಂದು ಚುಕ್ಕೆ,
ಬೇಕಾದವರು ಎಳೆದರೆ ಬಿಡುವಷ್ಟು.

ಬಿಲ್ಲಿನಲ್ಲಿ ಬರೆದೆ: ರಟ್ಟು, ಹೊಲಿಗೆ, ಅರವತ್ತು ರೂಪಾಯಿ.
ಅಂಚು ಕತ್ತರಿಸಿಲ್ಲ ಮೇಡಂ,
ಅಕ್ಷರಕ್ಕೆ ತಾಗುತ್ತಿತ್ತು.