ನಡುವಿನ ಕಾಗದ

ಓಂಕಾರನ ಮುರಿದ ಆಂಬುಲೆನ್ಸಿನ ತಲಿ ಮ್ಯಾಲಿಂದು
ಕೆಂಪು ಬಲ್ಬು, ಕಡ್ಲಿಕಾಳಿನಷ್ಟು.
ತಾನೇ ಕಣ್ಣು ಹೊಡೀತದ, ಯಾರೂ ಹೇಳಬೇಕಾಗಿಲ್ಲ.
ಅಪ್ಪನ ರೇಡಿಯೋದಾಗ ಮೂರು ಸೆಲ್ಲಿನ ಮನಿ,
ಸ್ಪ್ರಿಂಗಿಗಿ ಹಸರು ಕಿಲುಬು;
ಹುಣಸಿಹಣ್ಣು ಹಚ್ಚಿ ತಿಕ್ಕಿದೆ.
ಸ್ಪೀಕರಿನ ಅಯಸ್ಕಾಂತ ಬಿಚ್ಚಿದಾಗ
ಅದಕ ಕಬ್ಬಿಣದ ಧೂಳಿನ ಮೀಸಿ ಬೆಳದಿತ್ತು.

ಉದ್ದನ ಕಾಲು ಪ್ಲಸ್ಸಿಗಿ, ಗಿಡ್ಡಂದು ಮೈನಸ್ಸಿಗಿ.
ಹುಮನಾಬಾದದ ಅಂಗಡ್ಯಾಗ ಅಪ್ಪ ಇದನ್ನ
ಮಗ್ಗಿ ಹೇಳಿಸಿದಂಗ ಹೇಳಸ್ತಿದ್ದ.
ನಾ ಹತ್ತು ವರ್ಷದಾಕಿ, ಸೋಲ್ಡರಿನ ಹೊಗಿ ಮೂಗಿಗಿ ಏರಿ
ಕಣ್ಣೀರು ಸುರಸ್ಕೋತ ಒಪ್ಪಸ್ತಿದ್ದೆ.
‘ಉಲ್ಟಾ ಹಾಕಿದ್ರ, ಅಪ್ಪಾ?’
‘ಹತ್ತಂಗಿಲ್ಲ. ಸಿಟ್ಟೂ ಮಾಡ್ಕೊಳ್ಳಂಗಿಲ್ಲ.
ನಿಮ್ಮವ್ವನಂಗ ಸುಮ್ನ ಕೂಡ್ತದ.’

ಉಪ್ಪಿನಕಾಯಿ ಡಬ್ಬಿ. ಮೂರು ಸಲ ತೊಳದೀನಿ,
ಮಾವಿನ ವಾಸನಿ ಹೋಗಂಗಿಲ್ಲ, ಇರಲಿ.
ಕಾಸಿದ ದಬ್ಬಣಲೆ ಮುಚ್ಚಳಕ ತೂತು,
ಸುತ್ತ ಮೇಣದಬತ್ತಿ ಕರಗಿಸಿ ಹನಿಸಿದೆ,
ಮಳಿ ಒಳಗ ಇಣುಕಬಾರದು.
ಕಡಿಗಿ ಕ್ಯಾಲೆಂಡರಿನ ಹಾಳಿ ಹರದು
ಬೆರಳಗಲದ ಪಟ್ಟಿ
ಸೆಲ್ಲಿಗೂ ತಗಡಿಗೂ ನಡುವ ತೂರಿಸಿದೆ.
ಕಾಗದ ಇರೋತನಕ ಡಬ್ಬಿಗಿ ನಿದ್ದಿ.
ಎಳದ್ರ ಎಚ್ಚರ.

ಇವ್ರು ಡಬ್ಬಿ ತಿರುವಿ ತಿರುವಿ ನೋಡಿದ್ರು.
‘ಹಾಲಿನ ಗಾಡಿಗಿ ಕುಂಕುಮ ಹಚ್ಚಿ ಕಳಸ್ತಿಯೇನ?’
ನಾ ಮಾತಾಡಲಿಲ್ಲ. ಹೋದ ವರ್ಷ
ಹಳ್ಳಿಖೇಡ ದಾಟಿ, ಕತ್ತಲಾಗ,
ದೀಪ ಇಲ್ದ ನಿಂತ ಕಬ್ಬಿನ ಟ್ರಾಲಿ
ಗೋಡಿಯಂಗ ಎದ್ದು ಬಂದಿತ್ತಂತ.
ಬ್ರೇಕಿಗಿ ಕ್ಯಾನು ಉರುಳಿ ನಲವತ್ತು ಲೀಟರು ರೋಡಿಗಿ.
‘ನಾಯಿಗೋಳ ಹಬ್ಬ’ ಅಂತ ನಕ್ಕೋತ ಹೇಳಿದ್ರು.
ಹೇಳೋವಾಗ ಚಹಾದ ಬಸಿ
ಕೈಯಾಗ ಟಕಟಕ ಅಂತಿತ್ತು.

ಡಬ್ಬಿ ಸೀಟಿನ ಕೆಳಗ ಹೋತು,
ಜಾಕಿ, ಪಾನಾ, ಹಳೇ ಬನಿಯನ್ನಿನ ಸಂಗಡ.
ಒಂದು ತಿಂಗಳು ಅದರ ಸುದ್ದಿ ಇಲ್ಲ.

ಮೊನ್ನಿ ಅವ್ರು ಬಂದಾಗ ಬಿಸಲು ಕಟ್ಟಿಗಿ ಏರಿತ್ತು.
‘ನಿನ್ನ ಕುಂಕುಮ ಕೊಟ್ಟು ಬಂದೆ’ ಅಂದ್ರು.
ಟ್ರಾಲಿಯ ಅಚ್ಚು ಮುರದು
ಬೀಡ ಕಡಿ ಹುಡುಗೊಬ್ಬ ಒಬ್ಬನೇ ಇದ್ದನಂತ.
ರೋಡಿನ್ಯಾಗ ನಾಕು ಕಲ್ಲು, ಒಂದು ಬೇವಿನ ಟೊಂಗಿ,
ಅದೇ ಅವನ ಸರಕಾರ, ಅದೇ ಪೊಲೀಸು.
ಮೊಬೈಲಿನ ಬೆಳಕು ಬೀಸಿ ಬೀಸಿ
ಅದೂ ಸತ್ತಿತ್ತು.

‘ಹೆಸರು?’
‘ಕೇಳಲಿಲ್ಲ.’
‘ವಾಪಸ ಯಾವಾಗ ಕೊಡ್ತಾನ?’
ನನ್ನ ಮಾರಿ ನೋಡಿದ್ರು. ನನಗೇ ನಾಚಿಕಿ ಬಂತು.
ಆದ್ರೂ ಅದು ಅಪ್ಪನ ಅಯಸ್ಕಾಂತ ಅಲ್ಲೇನು.
ಅದರ ಮುಂದ ಅಪ್ಪ ಮುಂಜಾನಿ ವಾರ್ತಾ ಕೇಳ್ಕೋತ
ದಾಡಿ ಮಾಡ್ಕೊಳ್ತಿದ್ದ.

ಆಮ್ಯಾಲ ಅಂಗಿ ಕಿಸೆದಾಗ ಕೈ ಹಾಕಿ
ಹಾಲಿನ ಚೀಟಿ ನಡುವಿಂದ ತಗದು ಕೊಟ್ರು,
ಬೆರಳಗಲದ ಪಟ್ಟಿ.
ಒಂದು ಕಡಿ ತಿಥಿ, ಒಂದು ಕಡಿ ರಾಹುಕಾಲ,
ಎರಡೂ ಅರ್ಧರ್ಧ.

ಡಬ್ಬಿ ತುಂಬ ಹೊಸಾ ಸೆಲ್ಲು.
ಎಂಟ್ಹತ್ತು ರಾತ್ರಿ ತಾಳಬೇಕು, ಲೆಕ್ಕ ಹಾಕೀನಿ.
ಅಷ್ಟರಾಗ ಅಚ್ಚು ಬರಬಹುದು, ಬರದೇನೂ ಇರಬಹುದು.
ನಸುಕಿನ್ಯಾಗ ಇವ್ರ ಗಾಡಿ ಸದ್ದು ಓಣಿ ದಾಟಿದ ಮ್ಯಾಲ
ನಿದ್ದಿ ಹತ್ತಂಗಿಲ್ಲ.
ದಿಂಬಿನ ಕೆಳಗ ಕೈ ಹೋಗ್ತದ:
ಕಾಗದ ಇಲ್ಲೇ ಅದ.
ಅಂದ್ರ ಅಲ್ಲಿ
ಹತ್ತ್ಯದ.