ಮಾತಿಲ್ಲದ ದೆವ್ವದ ದಿನಗೂಲಿ

ಮಾತಿಲ್ಲದ ದೆವ್ವಕ್ಕೆ ದಿನಕ್ಕೆ ತೊಂಬತ್ತು ಪೌಂಡು.
ಕಿರುಚಿದರೆ ನೂರಮೂವತ್ತು.
ಎಲ್ಸ್‌ಪೆತ್ ರಾಟ್ರೇ ಕಿರುಚುವುದಿಲ್ಲ.
ಬೂದುಬಣ್ಣದ ಲಂಗ, ಏಪ್ರನ್ನು, ಗಂಜಿ ಹಾಕಿದ ಟೋಪಿ,
ಕಾರಿಡಾರಿನ ತುದಿಯಲ್ಲಿ ಬೆನ್ನು ತೋರಿಸಿ ನಿಲ್ಲಬೇಕು, ಅಷ್ಟೆ.
"ಮುಖ ಬೇಡ," ಅಂದಿದ್ದಾನೆ ನಿರ್ದೇಶಕ,
"ಕೆಲಸದವಳು ಅಂತ ಗೊತ್ತಾದರೆ ಸಾಕು."

ಪರ್ತ್‌ಷೈರಿನ ಈ ಬಂಗಲೆಗೆ ಅರವತ್ತೆರಡು ಕೋಣೆ.
ಬೆಳಗಿನ ಮೊದಲ ಬಸ್ಸಿಗೆ ಡಂಡೀಯಿಂದ ಬರುವವಳು
ಮುಂಬಾಗಿಲನ್ನು ಇನ್ನೂ ನೋಡಿಲ್ಲ;
ದಿನಗೂಲಿಯವರು ಹಿತ್ತಿಲಿನಿಂದ.
ಅಜ್ಜಿಯ ಅಕ್ಕ ಗ್ರಿಜೆಲ್ ಬಂದದ್ದೂ ಹಿತ್ತಿಲಿನಿಂದಲೇ,
ಹದಿನಾಲ್ಕರ ಹುಡುಗಿ, ಒಂದು ತಗಡಿನ ಟ್ರಂಕು.

ಕಥೆ ಇಷ್ಟು: ಲಂಡನ್ನಿನ ಗಂಡ ಹೆಂಡತಿ ಬಂಗಲೆ ಕೊಳ್ಳುತ್ತಾರೆ.
ರಾತ್ರಿ ನೆತ್ತಿಯ ಮೇಲೆ ಹೆಜ್ಜೆ ಸಪ್ಪಳ.
ಗೋಡೆಯೊಳಗೆ ಯಾರೋ ಮೆಟ್ಟಿಲು ಇಳಿದಂತೆ.
ಬೆಳಗಾದರೆ ಹಾಸಿಗೆ ತಾನೇ ಮಡಿಸಿಕೊಂಡಿದೆ,
ಅಗ್ಗಿಷ್ಟಿಕೆಯಲ್ಲಿ ಕೆಂಡ, ಯಾರೂ ಹಚ್ಚಿದ್ದಲ್ಲ.
ಹೆಂಡತಿ ಗಡಗಡ ನಡುಗುತ್ತಾಳೆ.

ಎಲ್ಸ್‌ಪೆತ್‌ಗೆ ನಗು ಬಂತು.
ಅಲ್ಲ, ಗ್ರಿಜೆಲ್‌ಗೆ ಕೊಟ್ಟ ಕೆಲಸವೇ ಇದಲ್ಲವೆ?
ಗೋಡೆಯೊಳಗೆ ಮೆಟ್ಟಿಲು ಕಟ್ಟಿಸಿದ್ದೇ
ಬಿಸಿನೀರು, ಇದ್ದಿಲು, ಉಚ್ಚೆಪಾತ್ರೆ
ಕಣ್ಣಿಗೆ ಬೀಳದೆ ಹತ್ತಿ ಇಳಿಯಲಿ ಅಂತ.
ದೊರೆಸಾನಿ ಎದುರಾದರೆ ಗೋಡೆಗೆ ಮುಖ ಮಾಡಿ ನಿಲ್ಲು,
ಇಲ್ಲದವಳ ಹಾಗೆ ಇರು.
ಇಪ್ಪತ್ತು ವರ್ಷ ಇಲ್ಲದವಳ ಹಾಗೆ ಇದ್ದವಳು
ಸತ್ತ ಮೇಲೆ ಹೊಸದಾಗಿ ಏನು ಕಲಿಯಬೇಕಿತ್ತು?
ಆಗ ಯಾರೂ ಹೆದರಲಿಲ್ಲ.
ಬೆಚ್ಚಗಿದ್ದರು.

ಮೇಲಿನ ಕೋಣೆಯಲ್ಲಿ ಮೂವರು ಸಣ್ಣ ಕುಂಚ ಹಿಡಿದು
ಗೋಡೆಗೆ ಕರಿ ಕಲೆ ಬರೆಯುತ್ತಿದ್ದಾರೆ,
ಕಾಫಿಪುಡಿ, ಅಂಟು, ಹಸಿರು ಮಸಿ,
ನಾಲ್ಕು ದಿನದ ಕೆಲಸ.
"ಒದ್ದೆ ಅನ್ನಿಸಬೇಕು. ಉಸಿರಾಡುವ ಹಾಗಿರಬೇಕು."
ನಿಂತು ನೋಡಿದಳು. ಹೇಳಿಬಿಡಲೇ ಅನ್ನಿಸಿತು:
ಅದು ಮೂಲೆಯಿಂದ ಶುರುವಾಗುತ್ತೆ ಕಣಪ್ಪ, ನಡುಗೋಡೆಯಿಂದಲ್ಲ;
ಮೊದಲು ವಾಸನೆ,
ಆಮೇಲೆ ಮಗುವಿನ ಕೆಮ್ಮು,
ಬಣ್ಣ ಬರುವುದು ಕಟ್ಟಕಡೆಗೆ.

ಡಂಡೀಯ ಒಂಬತ್ತನೇ ಮಹಡಿ,
ಮೊಮ್ಮಗ ಇನ್ನಿಸ್‌ನ ಮಂಚದ ಹಿಂದೆ
ಮೂರು ಚಳಿಗಾಲದಿಂದ ಬೆಳೆಯುತ್ತಿದೆ, ಕುಂಚವಿಲ್ಲದೆ.
ಕೌನ್ಸಿಲ್ ಕಚೇರಿಗೆ ಹನ್ನೊಂದು ಸಲ ಹೋದಳು.
"ನಿಮ್ಮ ಉಸಿರಿನ ಹಬೆಯೇ, ಮೇಡಂ. ಕಿಟಕಿ ತೆಗೆದಿಡಿ."
ಮತ್ತೆ ಗಾಜಿನ ಆಚೆಯಿಂದ: "ನಾಳೆ ಬನ್ನಿ."
ದೆವ್ವ ಒಳಗೆ ಬರದಿರಲೆಂದು
ಬಾಗಿಲ ಮೇಲೆ ಬರೆಯುತ್ತಾರಲ್ಲ,
ಅದೇ ಮಾತು, ಮರ್ಯಾದೆಯ ಬಹುವಚನದಲ್ಲಿ.

ಮುಂದಿನ ನವೆಂಬರಿಗೆ ಸಿನಿಮಾ ಬಂತು.
ಪಕ್ಕದ ಮನೆಯ ಸೆಂಗಾ ಜೊತೆ ಹೋದಳು,
ಟಿಕೆಟ್ಟು ಹನ್ನೊಂದು ಪೌಂಡು, ಪಾಪ್‌ಕಾರ್ನು ಬೇಡ ಅಂದರು.
ಹಿಂದಿನ ಸಾಲಿನ ಹುಡುಗರಿಗೆ ಸಹನೆಯಿಲ್ಲ:
"ಎಂಥ ಪೆದ್ದರಪ್ಪ! ಮನೆ ಬಿಟ್ಟು ಹೋಗಬಾರದೇ?"
ಪರದೆಯ ಮೇಲೆ ಅವರು ಹೋಗಿಯೇ ಹೋದರು,
ದೊಡ್ಡ ಕಾರು, ಹಿಂದಿನ ಸೀಟಿನಲ್ಲಿ ಮಲಗಿದ ಮಗು;
ಲಂಡನ್ನಿನ ಮನೆ ಮಾರಿರಲಿಲ್ಲ.
ಸೆಂಗಾ ಕತ್ತಲಲ್ಲೇ ಎಲ್ಸ್‌ಪೆತ್‌ಳ ಮುಖ ನೋಡಿದಳು.
ಇಬ್ಬರೂ ಏನೂ ಅನ್ನಲಿಲ್ಲ.

ಆಮೇಲೆ ಖಾಲಿ ಕಾರಿಡಾರು. ತುದಿಯಲ್ಲಿ ಬೆನ್ನು.
"ನೀನೇ ಕಣೇ!" ಸೆಂಗಾ ತೊಡೆ ಚಿವುಟಿದಳು.
ಆ ಬೆನ್ನು, ಯಾರೂ ಹೇಳದೆ, ಮೆಲ್ಲಗೆ
ತಿರುಗಿತು.
ಒಂದು ಕ್ಷಣ ಮುಖ.
ಥಿಯೇಟರಿಗೆ ಥಿಯೇಟರೇ ಚೀರಿತು,
ಹಿಂದಿನ ಸಾಲಿನ ಹುಡುಗರು ಎಲ್ಲರಿಗಿಂತ ಜೋರಾಗಿ.

ಅವಳಿಗೆ ನೆನಪಿದೆ ಆ ಟೇಕು.
ನಾಲ್ಕು ಗಂಟೆ ನಿಂತು ಮೊಣಕಾಲು ಸೋತಿತ್ತು.
ತಿರುಗಿದ್ದು,
ಎಲ್ಲಾದರೂ ಒಂದು ಕುರ್ಚಿ ಇದೆಯಾ ಅಂತ.