ಹನ್ನೊಂದನೆಯ ಸಂಪುಟ

ಬೈತಖೋಲದ ಐಸ್ ಫ್ಯಾಕ್ಟರಿ. ಜೂನ್ ತಿಂಗಳು.
ಬೋಟುಗಳೆಲ್ಲ ದಡಕ್ಕೆ, ಕಂಪ್ರೆಸರಿಗೂ ರಜೆ.
ವಾಚ್‌ಮನ್ನನ ಕುರ್ಚಿಯಲ್ಲಿ ನಾನು,
ತೊಡೆಯ ಮೇಲೆ ಹನ್ನೊಂದನೆಯ ಸಂಪುಟ.

ನೌಕೆ ಹೊರಟು ನಾನೂರು ವರ್ಷವಂತೆ.
ನನ್ನ ಲೆಕ್ಕದಲ್ಲಿ ಹತ್ತೊಂಬತ್ತು;
ಮೊದಲನೆಯದನ್ನು ಓದುವಾಗ
ಮೀಸೆ ಇನ್ನೂ ಮೂಡಿರಲಿಲ್ಲ.

ಮೂರರಲ್ಲಿ ಸತ್ತ ಕಪ್ತಾನ ಎಂಟರಲ್ಲಿ ಎದ್ದು ಬಂದ.
ಈಗ ಪುಟಗಟ್ಟಲೆ ಉಪದೇಶ.
ನಮ್ಮ ಬುದವಂತ ತಾಂಡೇಲ ಇಷ್ಟು ಮಾತಾಡಿದ್ದರೆ
ಬಲೆ ಎಳೆಯುವವರು ಯಾರು?

ಅದಿರಲಿ.
ಅಡುಗೆಯವಳೆಲ್ಲಿ?
ನಾಲ್ಕರಲ್ಲಿ ಗಾಳಿ ಸೋರಿದಾಗ
ಹಿಟ್ಟು ಕಲಸಿ ಬಿರುಕಿಗೆ ಮೆತ್ತಿದವಳು,
ಏಳರ ಕೊನೆಗೆ ಉಪ್ಪು ತರಲೆಂದು ಉಗ್ರಾಣಕ್ಕಿಳಿದಳು.
ಬರೆದವರು ಮರೆತರು.
ಗ್ರಹಗಳು ಒಡೆದವು, ಕೂಸುಗಳು ದೊರೆಗಳಾದವು,
ಎಷ್ಟೋ ಔತಣ ನಡೆದವು ಕಿಟಕಿಯಾಚೆ ನಕ್ಷತ್ರ ಇಟ್ಟುಕೊಂಡು,
ಉಪ್ಪೆಲ್ಲಿ ಅಂತ ಒಬ್ಬರೂ ಕೇಳಲಿಲ್ಲ.

ಹನ್ನೆರಡೂ ಬರುತ್ತದಂತೆ.
ತರಿಸುತ್ತೇನೆ, ಬೈದುಕೊಂಡೇ.

ಒಂದೂವರೆ ಗಂಟೆ. ಪುಟ ಮಡಚಿ
ಟಾರ್ಚು ಹಿಡಿದು ಕೆಳಗಿಳಿದೆ.
ಖಾಲಿ ಡಬ್ಬಗಳ ಸಾಲು ದಾಟಿದರೆ
ತೊಟ್ಟಿಗೆ ಸುರಿಯುವ ಉಪ್ಪಿನ ಮೂಟೆಗಳು,
ತೇವಕ್ಕೆ ನೀರೊಡೆದು ನಿಂತಿದ್ದವು.
ಒಂದು ಹಿಡಿ ತೆಗೆದು
ಕೊನೆಯ ಮೆಟ್ಟಿಲ ಮೇಲೆ ಇಟ್ಟು ಬಂದೆ.